ಕೆಲಸ ಸಿಕ್ಕಿತು, ಮುಂದೇನು?

ದೊಡ್ಡ ಕಂಪ್ಯೂಟರ್ ಕಂಪೆನಿಗೆ ಸೇರಿದ ನಮ್ಮ ಮಕ್ಕಳ ಮುಂದಿನ ಹಾದಿ

ನಮ್ಮ ಗಡಿನಾಡಿನ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ನಡೆಯುವ ಸಂಗತಿಯೊಂದಿದೆ. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಕಲಿಯುತ್ತಿರುವ ಮಗನಿಂದ ಫೋನ್ ಬರುತ್ತದೆ. ‘ಅಪ್ಪಾ, ಕಂಪೆನಿಯಲ್ಲಿ ಕೆಲಸ ಆಯಿತು’ ಎಂಬ ಒಂದು ಮಾತು ಕೇಳಿದ್ದೇ ತಡ, ಅಂಗಳದಲ್ಲಿ ಅಡಿಕೆ ಒಣಹಾಕುತ್ತಿದ್ದ ತಂದೆ ಜಗಲಿಗೆ ಬಂದು ಕುಳಿತುಬಿಡುತ್ತಾರೆ. ತಾಯಿ ದೇವರ ಮುಂದೆ ದೀಪ ಹಚ್ಚುತ್ತಾರೆ. ಸಂಜೆಯೊಳಗೆ ನೆರೆಮನೆಗಳಿಗೆ ಸಿಹಿ ಹಂಚಿಯಾಗುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದ ಭಾರ ಆ ದಿನವೇ ಅರ್ಧ ಇಳಿದಂತೆ ಭಾಸವಾಗುತ್ತದೆ.

ಒಂದು ವರ್ಷ ಕಳೆದು ದೀಪಾವಳಿಗೆ ಮಗ ಊರಿಗೆ ಬರುತ್ತಾನೆ. ‘ಹೇಗುಂಟು ಮಗಾ ಕೆಲಸ?’ ಎಂದು ತಂದೆ ಕೇಳಿದರೆ ‘ಆಗ್ತಾ ಉಂಟಪ್ಪಾ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ. ಮನೆಯವರಿಗೆ ಇದು ಅರ್ಥವಾಗುವುದಿಲ್ಲ. ಇಷ್ಟು ದೊಡ್ಡ ಕಂಪೆನಿ, ಇಷ್ಟು ಸಂಬಳ, ಮತ್ತೇಕೆ ಈ ಮೌನ?

ಮನೆಯವರ ಲೆಕ್ಕದಲ್ಲಿ ಕೆಲಸ ಸಿಕ್ಕಿದ್ದು ಪ್ರಯಾಣದ ಕೊನೆ. ಮಗನಿಗಾದರೋ ಅದು ಆರಂಭ. ಈ ಎರಡು ಲೆಕ್ಕಗಳ ನಡುವಿನ ಅಂತರವೇ ಆ ಮೌನಕ್ಕೆ ಕಾರಣ. ಶಾಲಾ ಮಾಸ್ತರರ ಕೆಲಸ ಏನು, ಬ್ಯಾಂಕಿನ ಗುಮಾಸ್ತನಿಗೆ ಭಡ್ತಿ ಹೇಗೆ ದೊರೆಯುತ್ತದೆ ಎಂಬುದು ನಮಗೆಲ್ಲ ತಿಳಿದ ವಿಷಯ. ಆದರೆ ಸಾಫ್ಟ್‌ವೇರ್ ಎಂಜಿನಿಯರನೊಬ್ಬ ಕಂಪೆನಿಯ ಒಳಗೆ ಹೇಗೆ ಬೆಳೆಯುತ್ತಾನೆ ಎಂಬುದನ್ನು ನಮ್ಮ ಹಿರಿಯರಿಗೆ ಯಾರೂ ವಿವರಿಸಿ ಹೇಳಿದಂತಿಲ್ಲ. ಆ ಪ್ರಯತ್ನವನ್ನು ಇಲ್ಲಿ ಮಾಡಲಾಗಿದೆ.

ಹೆಸರು ಒಂದೇ, ಕೆಲಸ ಬೇರೆ

ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಬೇರೆಯವರ ಕೆಲಸವನ್ನು ಒಪ್ಪಂದದ ಮೇಲೆ ವಹಿಸಿಕೊಂಡು ಮಾಡಿಕೊಡುವವು ಒಂದು ಬಗೆ. 1968ರಲ್ಲಿ ಆರಂಭವಾದ ಟಿ.ಸಿ.ಎಸ್., 1981ರಲ್ಲಿ ಹುಟ್ಟಿದ ಇನ್ಫೋಸಿಸ್ ಮುಂತಾದವು ಈ ಗುಂಪಿಗೆ ಸೇರುತ್ತವೆ. ಇವು ಕಾಲೇಜುಗಳಿಂದ ಸಾವಿರಾರು ಮಂದಿಯನ್ನು ಒಟ್ಟಿಗೆ ಆರಿಸಿ, ಕೆಲವು ತಿಂಗಳು ತರಬೇತಿ ಕೊಟ್ಟು, ಅನಂತರ ಕೆಲಸಕ್ಕೆ ಹಚ್ಚುತ್ತವೆ. ತಮ್ಮದೇ ಆದ ವಸ್ತುವನ್ನು ನಿರ್ಮಿಸಿ ಜಗತ್ತಿಗೆ ನೀಡುವವು ಇನ್ನೊಂದು ಬಗೆ. ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್‌ಗಳು ಈ ಗುಂಪಿನವು. ಇವುಗಳಿಗೆ ಬೆಂಗಳೂರು, ಹೈದರಾಬಾದುಗಳಲ್ಲಿ ದೊಡ್ಡ ಕಚೇರಿಗಳಿವೆ. ಇಲ್ಲಿ ಆಯ್ಕೆ ಕಡಿಮೆ, ಪರೀಕ್ಷೆ ಕಠಿಣ. ಮುಕ್ಕಾಲು ಗಂಟೆಯಷ್ಟು ಅವಧಿಯ ಸಂದರ್ಶನಗಳು ಒಂದಾದ ಮೇಲೊಂದು ನಡೆಯುತ್ತವೆ. ಒಂದು ಸಮಸ್ಯೆಯನ್ನು ಕೊಟ್ಟು, ಅದನ್ನು ಬಿಡಿಸುವ ಬಗೆಯನ್ನು ಬಾಯಿಬಿಟ್ಟು ವಿವರಿಸುತ್ತಾ ಪ್ರೋಗ್ರಾಮ್ ಬರೆಯಲು ಹೇಳುತ್ತಾರೆ. ಉತ್ತರ ಸರಿಯಾಯಿತೇ ಎಂಬುದರಷ್ಟೇ, ಯೋಚನೆ ಯಾವ ದಾರಿಯಲ್ಲಿ ಸಾಗಿತು ಎಂಬುದನ್ನೂ ಗಮನಿಸುತ್ತಾರೆ.

ಸಂಬಳದ ಕುರಿತೂ ಒಂದು ಮಾತು ಹೇಳಲೇಬೇಕು. ‘ಇಷ್ಟು ಲಕ್ಷದ ಕೆಲಸ’ ಎಂದು ಊರಿನಲ್ಲಿ ಹರಡುವ ಅಂಕಿಯು ತಿಂಗಳು ತಿಂಗಳು ಕೈಗೆ ಬರುವ ಹಣವಲ್ಲ. ಮೂಲ ವೇತನ, ವರ್ಷಕ್ಕೊಮ್ಮೆಯ ಬೋನಸ್, ಕಂಪೆನಿಯ ಪಾಲಿನ ಭವಿಷ್ಯನಿಧಿ ಇತ್ಯಾದಿಗಳೆಲ್ಲ ಅದರಲ್ಲಿ ಅಡಕವಾಗಿರುತ್ತವೆ. ದೊಡ್ಡ ಕಂಪೆನಿಗಳಲ್ಲಿ ಇದರ ಒಂದು ಪಾಲು ಶೇರುಗಳ ರೂಪದಲ್ಲಿರುತ್ತದೆ. ಆ ಶೇರುಗಳು ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಹಂತ ಹಂತವಾಗಿ ಕೈಸೇರುತ್ತವೆ. ನಡುವೆ ಕೆಲಸ ಬಿಟ್ಟರೆ ಉಳಿದ ಭಾಗ ಹೋಯಿತು. ಶೇರಿನ ಬೆಲೆ ಇಳಿದರೆ ಆದಾಯವೂ ಇಳಿಯಿತು. ಪೂರ್ತಿ ಅಂಕಿಯನ್ನು ನಂಬಿ ಹೊಸ ಮನೆಗೆ ಅಡಿಪಾಯ ಹಾಕುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮೊದಲ ವರ್ಷದ ಕೆಂಪು ಶಾಯಿ

ಕಾಲೇಜಿನಲ್ಲಿ ಪ್ರೋಗ್ರಾಮ್ ಬರೆಯುವುದೆಂದರೆ ಖಾಲಿ ಹಾಳೆಯಲ್ಲಿ ಬರೆದ ಹಾಗೆ. ಕಂಪೆನಿಯಲ್ಲಿ ಹಾಗಲ್ಲ. ಅಲ್ಲಿ ನೂರಾರು ಮಂದಿ ಹತ್ತಾರು ವರ್ಷಗಳಲ್ಲಿ ಬರೆದಿಟ್ಟ ಲಕ್ಷಾಂತರ ಸಾಲುಗಳು ಮೊದಲೇ ಇರುತ್ತವೆ. ಹೊಸಬನು ಮೊದಲು ಅವನ್ನು ಓದಬೇಕು. ಹಳೆಯ ತರವಾಡು ಮನೆಯಲ್ಲಿ ಯಾವ ಕಂಬ ಯಾವ ತೊಲೆಯನ್ನು ಹೊತ್ತಿದೆ ಎಂದು ತಿಳಿಯದೆ ಗೋಡೆ ಕೆಡಹಿದರೆ ಏನಾಗುತ್ತದೋ ಇಲ್ಲಿಯೂ ಹಾಗೆಯೇ. ಮೊದಲ ತಿಂಗಳುಗಳಲ್ಲಿ ಅವನಿಗೆ ಸಿಗುವುದು ಸಣ್ಣಪುಟ್ಟ ದೋಷಗಳನ್ನು ತಿದ್ದುವ ಕೆಲಸ.

ಹಾಗೆ ತಿದ್ದಿದ ಒಂದೇ ಒಂದು ಸಾಲು ಕೂಡ ಇನ್ನೊಬ್ಬರು ನೋಡಿ ಒಪ್ಪದೆ ಒಳಗೆ ಸೇರುವಂತಿಲ್ಲ. ಇದಕ್ಕೆ ಕೋಡ್ ರಿವ್ಯೂ ಎಂದು ಹೆಸರು. ಸಹೋದ್ಯೋಗಿಯೊಬ್ಬರು ಸಾಲು ಸಾಲಾಗಿ ಓದಿ ‘ಈ ಹೆಸರು ಅರ್ಥವಾಗುವುದಿಲ್ಲ’, ‘ಇಲ್ಲಿ ಸೊನ್ನೆ ಬಂದರೆ ಏನು ಮಾಡುವಿರಿ?’, ‘ಇದನ್ನು ಪರೀಕ್ಷಿಸಿ ನೋಡಿದ್ದೀರಾ?’ ಎಂದು ಬದಿಯಲ್ಲಿ ಬರೆಯುತ್ತಾರೆ. ಶಾಲೆಯಲ್ಲಿ ಸದಾ ಮೊದಲಿಗನಾಗಿದ್ದ ಹುಡುಗನಿಗೆ, ಹತ್ತು ಸಾಲಿಗೆ ಇಪ್ಪತ್ತು ಟೀಕೆ ಬಂದಾಗ ಮುಖ ಸಣ್ಣದಾಗುವುದು ಸಹಜ. ದೀಪಾವಳಿಗೆ ಬಂದ ಮಗನ ಮೌನದ ಒಂದು ಮೂಲ ಇಲ್ಲಿದೆ.

ಆದರೆ ಇದು ಅವಮಾನವಲ್ಲ, ಇದೇ ಅಲ್ಲಿನ ಪಾಠಶಾಲೆ. ಅತ್ಯಂತ ಹಿರಿಯ ಎಂಜಿನಿಯರರ ಬರಹವೂ ಹೀಗೆಯೇ ತಿದ್ದುಪಡಿಗೆ ಒಳಗಾಗುತ್ತದೆ. ಟೀಕೆ ಬಂದಾಗ ‘ಯಾಕೆ?’ ಎಂದು ಕೇಳಿ ತಿಳಿದುಕೊಂಡವನು ಎರಡು ವರ್ಷದಲ್ಲಿ ಇನ್ನೊಬ್ಬರದನ್ನು ತಿದ್ದುವ ಯೋಗ್ಯತೆ ಪಡೆಯುತ್ತಾನೆ. ಮುದುಡಿ ಕುಳಿತವನು ಇದ್ದಲ್ಲಿಯೇ ಉಳಿಯುತ್ತಾನೆ.

ಎರಡು ಏಣಿಗಳು

ಬ್ಯಾಂಕಿನಲ್ಲಿ ಗುಮಾಸ್ತ, ಅಧಿಕಾರಿ, ಮ್ಯಾನೇಜರ್ ಎಂಬ ಮೆಟ್ಟಿಲುಗಳಿರುವಂತೆ ಇಲ್ಲಿಯೂ ಮೆಟ್ಟಿಲುಗಳಿವೆ. ಗೂಗಲ್‌ನಲ್ಲಿ ಹೊಸ ಪದವೀಧರನು ಸಾಮಾನ್ಯವಾಗಿ 3ನೆಯ ಮೆಟ್ಟಿಲಿನಲ್ಲಿ ಸೇರುತ್ತಾನೆ. 5ನೆಯದು ಸೀನಿಯರ್, 6ನೆಯದು ಸ್ಟಾಫ್ ಎಂಜಿನಿಯರ್. ಅದರ ಮೇಲೆ ಪ್ರಿನ್ಸಿಪಾಲ್, ಫೆಲೋ ಮುಂತಾದ ಪದವಿಗಳಿವೆ. ಸೇವಾವಧಿ ತುಂಬಿತೆಂದು ಭಡ್ತಿ ಸಿಗುವುದಿಲ್ಲ. ಮೇಲಿನ ಮೆಟ್ಟಿಲಿನ ಕೆಲಸವನ್ನು ಆಗಲೇ ಮಾಡುತ್ತಿದ್ದೇನೆಂದು ಮೊದಲು ತೋರಿಸಿಕೊಡಬೇಕು, ಆಮೇಲೆ ಪದವಿ. 3ನೆಯ ಮೆಟ್ಟಿಲಿನವನು ಹೇಳಿದ್ದನ್ನು ಮಾಡಿದರೆ ಸಾಕು. 5ನೆಯವನು ಸಮಸ್ಯೆಯನ್ನು ತಾನೇ ಗುರುತಿಸಿ, ಯೋಜನೆ ಬರೆದು, ನಾಲ್ಕು ಮಂದಿಯನ್ನು ಜತೆಗೂಡಿಸಿಕೊಂಡು ಮುಗಿಸಬೇಕು. ಹಲವರು ಆ ಸೀನಿಯರ್ ಮಟ್ಟದಲ್ಲಿಯೇ ವೃತ್ತಿಜೀವನವಿಡೀ ಗೌರವದಿಂದ ದುಡಿಯುತ್ತಾರೆ. ಅದರಲ್ಲಿ ಕೊರತೆಯೇನೂ ಇಲ್ಲ.

‘ಮ್ಯಾನೇಜರ್ ಆದೆಯಾ?’ ಎಂಬುದು ನಮ್ಮ ಕಡೆಯ ಮದುವೆಮನೆಗಳಲ್ಲಿ ಕೇಳಿಬರುವ ಪ್ರಶ್ನೆ. ಆದರೆ ಈ ಕಂಪೆನಿಗಳಲ್ಲಿ ಜನರನ್ನು ನಡೆಸುವವರ ಏಣಿ ಬೇರೆ, ತಂತ್ರಜ್ಞರ ಏಣಿ ಬೇರೆ. ಎರಡೂ ಎತ್ತರಕ್ಕೆ ಹೋಗುತ್ತವೆ. ಇದಕ್ಕೆ ಒಳ್ಳೆಯ ಸಾಕ್ಷಿ ಗೂಗಲ್‌ನ ಜೆಫ್ ಡೀನ್ ಮತ್ತು ಸಂಜಯ್ ಘೇಮಾವತ್ ಎಂಬ ಜೋಡಿ. ಸಂಜಯ್ ಬೆಳೆದದ್ದು ರಾಜಸ್ಥಾನದ ಕೋಟಾದಲ್ಲಿ. ಇಬ್ಬರೂ 1999ರಲ್ಲಿ ಗೂಗಲ್ ಸೇರಿದರು. 2000ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಗೂಗಲ್‌ನ ಹುಡುಕು ವ್ಯವಸ್ಥೆಯ ಸೂಚಿಯನ್ನು ಹೊಸತುಗೊಳಿಸುವ ಕೆಲಸ ಅಡ್ಡಿಯಾಗಿ ನಿಂತುಬಿಟ್ಟಿತ್ತು. ಇವರಿಬ್ಬರು ಒಂದೇ ಕಂಪ್ಯೂಟರಿನ ಮುಂದೆ ಅಕ್ಕಪಕ್ಕ ಕುಳಿತು ಹುಡುಕಿದಾಗ ತಪ್ಪಿದ್ದುದು ಪ್ರೋಗ್ರಾಮಿನಲ್ಲಲ್ಲ, ಅಗ್ಗದ ಯಂತ್ರಗಳ ಸ್ಮೃತಿಯಲ್ಲಿ ಎಂದು ಗೊತ್ತಾಯಿತು. ಅಲ್ಲಲ್ಲಿ ಸೊನ್ನೆ ಇರಬೇಕಾದಲ್ಲಿ ಒಂದು ಬಂದು ಕುಳಿತಿತ್ತು. ಯಂತ್ರ ಕೆಟ್ಟರೂ ಕೆಲಸ ಕೆಡದಂತಹ ವ್ಯವಸ್ಥೆಗಳನ್ನು ಅವರು ಮುಂದೆ ಕಟ್ಟಿದರು. 2004ರಲ್ಲಿ ಅವರು ಪ್ರಕಟಿಸಿದ ‘ಮ್ಯಾಪ್‌ರಿಡ್ಯೂಸ್’ ಎಂಬ ಪದ್ಧತಿಯು ಸಾವಿರಾರು ಕಂಪ್ಯೂಟರುಗಳಿಂದ ಒಂದೇ ಕೆಲಸವನ್ನು ಹಂಚಿ ಮಾಡಿಸುವ ದಾರಿಯನ್ನು ಜಗತ್ತಿಗೆ ತೋರಿಸಿತು. ಇವರಿಬ್ಬರಿಗೂ ಜಂಟಿಯಾಗಿ 2012ನೆಯ ಸಾಲಿನ ಎ.ಸಿ.ಎಂ. ಇನ್ಫೋಸಿಸ್ ಪ್ರತಿಷ್ಠಾನ ಪ್ರಶಸ್ತಿ ಬಂತು. ತಾಂತ್ರಿಕ ಏಣಿಯ ತುತ್ತತುದಿಯ ಸೀನಿಯರ್ ಫೆಲೋ ಪದವಿಯೂ ದೊರೆಯಿತು. ಗಮನಿಸಬೇಕಾದುದೆಂದರೆ, ಅವರು ಅಲ್ಲಿಗೆ ತಲುಪಿದ್ದು ಒಬ್ಬೊಬ್ಬರಾಗಿ ಅಲ್ಲ, ಒಟ್ಟಿಗೆ ಕುಳಿತು, ಒಬ್ಬರದನ್ನು ಇನ್ನೊಬ್ಬರು ತಿದ್ದಿ.

ಬರೆಯಲು ಬಲ್ಲವನಿಗೆ ಬೆಲೆ

ಜತೆಯಾಗಿ ದುಡಿಯಬೇಕಾದರೆ ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರಿಗೆ ಮುಟ್ಟಿಸಬೇಕು. ಸಾಫ್ಟ್‌ವೇರ್ ಕೆಲಸವೆಂದರೆ ಯಂತ್ರದೊಡನೆ ಮಾತ್ರ ವ್ಯವಹಾರ, ಮಾತು ಬರಹ ಬೇಕಿಲ್ಲ ಎಂಬ ತಪ್ಪು ಕಲ್ಪನೆ ನಮ್ಮಲ್ಲಿದೆ. ನಿಜಸ್ಥಿತಿ ಬೇರೆ. ದೊಡ್ಡ ಕೆಲಸ ಆರಂಭಿಸುವ ಮುನ್ನ ಎಂಜಿನಿಯರನು ಹಲವು ಪುಟಗಳ ಯೋಜನಾ ಬರಹವೊಂದನ್ನು ಸಿದ್ಧಪಡಿಸಬೇಕು. ಸಮಸ್ಯೆ ಏನು, ಇರುವ ದಾರಿಗಳೆಷ್ಟು, ಇದನ್ನೇ ಆರಿಸಿದ್ದು ಯಾಕೆ, ಎಡವಟ್ಟಾದರೆ ಹಿಂದೆ ಬರುವುದು ಹೇಗೆ ಎಂಬುದೆಲ್ಲ ಅದರಲ್ಲಿರಬೇಕು. ಅಮೆಜಾನ್ ಕಂಪೆನಿಯ ಸ್ಥಾಪಕ ಜೆಫ್ ಬೆಜೋಸ್ 2004ರಲ್ಲಿ ಹಿರಿಯ ಅಧಿಕಾರಿಗಳ ಸಭೆಗಳಲ್ಲಿ ಪರದೆಯ ಮೇಲೆ ಅಂಶಗಳನ್ನು ತೋರಿಸುವ ಪದ್ಧತಿಯನ್ನೇ ನಿಲ್ಲಿಸಿದರು. ಅದರ ಬದಲು ಆರು ಪುಟದೊಳಗಿನ ಪೂರ್ಣ ವಾಕ್ಯಗಳ ಬರಹ ತರಬೇಕು, ಸಭೆಯ ಆರಂಭದಲ್ಲಿ ಎಲ್ಲರೂ ಮೌನವಾಗಿ ಅದನ್ನು ಓದಬೇಕು, ಆಮೇಲೆ ಚರ್ಚೆ ಎಂಬ ಕ್ರಮ ಅಲ್ಲಿ ರೂಢಿಗೆ ಬಂತು. ವಾಕ್ಯ ಬರೆಯುವಾಗ ಯೋಚನೆಯ ಬಿರುಕು ಎದ್ದು ಕಾಣುತ್ತದೆ ಎಂಬುದೇ ಇದರ ತತ್ವ.

ಪ್ರಬಂಧವೊಂದನ್ನು ಆದಿಯಿಂದ ಅಂತ್ಯದವರೆಗೆ ಒಪ್ಪವಾಗಿ ಬರೆಯಲು ಕಲಿಸಿದ ನಮ್ಮ ಕನ್ನಡ ಪಂಡಿತರ ಶ್ರಮ, ಈ ದೃಷ್ಟಿಯಿಂದ ನೋಡಿದರೆ, ಎಂಜಿನಿಯರನ ಪಾಲಿಗೂ ವ್ಯರ್ಥವಲ್ಲ. ಅಂದವಾಗಿ ಯೋಚಿಸಿ ಬರೆಯುವುದನ್ನು ಒಂದು ಭಾಷೆಯಲ್ಲಿ ಕಲಿತವನಿಗೆ ಇನ್ನೊಂದು ಭಾಷೆಯಲ್ಲಿ ಅದು ಅಭ್ಯಾಸದ ವಿಷಯವಷ್ಟೆ.

ತಪ್ಪಾದಾಗ

ಮೌನಕ್ಕೆ ಇನ್ನೊಂದು ಕಾರಣ ಭಯ. ತನ್ನ ಒಂದು ತಪ್ಪಿನಿಂದ ಎಲ್ಲವೂ ನಿಂತುಹೋದರೆ? ಅಂತಹ ಘಟನೆಗಳು ನಡೆದೂ ಇವೆ. 2017ನೆಯ ಫೆಬ್ರವರಿ 28ರಂದು ಅಮೆರಿಕದಲ್ಲಿ ಅಮೆಜಾನ್‌ನ ದತ್ತಾಂಶ ಸಂಗ್ರಹ ಸೇವೆ ನಾಲ್ಕು ಗಂಟೆಗಳಿಗೂ ಮಿಕ್ಕಿ ಕುಸಿಯಿತು. ಆ ಸೇವೆಯನ್ನು ಅವಲಂಬಿಸಿದ್ದ ಅಸಂಖ್ಯ ವ್ಯವಹಾರಗಳು ಸ್ತಬ್ಧವಾದವು. ಕಾರಣ ಇಷ್ಟೆ: ಕೆಲವೇ ಕಂಪ್ಯೂಟರುಗಳನ್ನು ತೆಗೆಯಲು ಕೊಟ್ಟ ಆಜ್ಞೆಯೊಂದರಲ್ಲಿ ನಮೂದಿಸುವಾಗ ತಪ್ಪಾಗಿ, ಬೇಕಾದುದಕ್ಕಿಂತ ಹೆಚ್ಚಿನ ಕಂಪ್ಯೂಟರುಗಳು ಸೇವೆಯಿಂದ ಹೊರಬಿದ್ದಿದ್ದವು.

ಕಂಪೆನಿಯು ನಡೆದುದನ್ನು ವಿವರವಾಗಿ ಬರೆದು ಪ್ರಕಟಿಸಿತು. ಆ ವರದಿಯಲ್ಲಿ ಆಜ್ಞೆ ಕೊಟ್ಟವರ ಹೆಸರಿಲ್ಲ. ‘ಒಬ್ಬರ ಕೈತಪ್ಪಿಗೆ ಇಷ್ಟು ದೊಡ್ಡ ಅನಾಹುತವಾಗಲು ನಮ್ಮ ವ್ಯವಸ್ಥೆ ಹೇಗೆ ಎಡೆ ಕೊಟ್ಟಿತು?’ ಎಂಬ ಕಡೆಗೆ ಅದರ ಗಮನವಿತ್ತು. ಅಂತಹ ಆಜ್ಞೆ ಇನ್ನು ಮುಂದೆ ನಿಧಾನವಾಗಿಯೇ ಜಾರಿಯಾಗುವಂತೆ, ಕನಿಷ್ಠ ಸಂಖ್ಯೆಗಿಂತ ಕೆಳಗಿಳಿಯದಂತೆ ಉಪಕರಣವನ್ನೇ ಬದಲಿಸಲಾಯಿತು. ದೋಷ ಹೊರಿಸದೆ ಕಾರಣ ಹುಡುಕುವ ಈ ಕ್ರಮ ಒಳ್ಳೆಯ ಕಂಪೆನಿಗಳ ರೂಢಿ. ಎಲ್ಲ ಕಡೆಯೂ ಹೀಗಿದೆಯೆಂದಲ್ಲ. ಬೈಯುವ ಮೇಲಧಿಕಾರಿಗಳೂ ಇದ್ದಾರೆ. ಆದರೆ ತಪ್ಪನ್ನು ಮುಚ್ಚಿಟ್ಟವನಿಗಿಂತ ಕೂಡಲೇ ಹೇಳಿದವನೇ ಹೆಚ್ಚು ದಿನ ಬಾಳುತ್ತಾನೆ ಎಂಬುದು ಎಲ್ಲ ಕಡೆಗೂ ಸಲ್ಲುವ ಮಾತು. ರಾತ್ರಿ ಪಾಳಿಯಲ್ಲಿ ಎರಡು ಗಂಟೆಗೆ ಕರೆ ಬಂದಾಗ ಎದ್ದು ಕುಳಿತು, ತಿಳಿಯದಿದ್ದರೆ ಹಿರಿಯರನ್ನು ಎಬ್ಬಿಸುವ ಧೈರ್ಯವೂ ಈ ವೃತ್ತಿಯ ಒಂದು ಅರ್ಹತೆಯೇ.

ಮಣಿಪಾಲದಿಂದ ಹೊರಟ ಹಾದಿ

ದೂರದ ಉದಾಹರಣೆಗಳು ಸಾಕು ಎನ್ನುವವರಿಗೆ ಹತ್ತಿರದ್ದೊಂದು ಇದೆ. ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಸತ್ಯ ನಾದೆಲ್ಲಾ ಎಂಜಿನಿಯರಿಂಗ್ ಕಲಿತದ್ದು ನಮ್ಮ ಕರಾವಳಿಯ ಮಣಿಪಾಲದಲ್ಲಿ. ಹೈದರಾಬಾದಿನ ಈ ಹುಡುಗ ಐ.ಐ.ಟಿ. ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಲಿಲ್ಲ. 1988ರಲ್ಲಿ ಮಣಿಪಾಲದಿಂದ ಪದವಿ ಪಡೆದು, ಅಮೆರಿಕದಲ್ಲಿ ಮೇಲಿನ ವ್ಯಾಸಂಗ ಮುಗಿಸಿ, 1992ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಅಲ್ಲಿನ ಸಂದರ್ಶನದಲ್ಲಿ ‘ರಸ್ತೆಯಲ್ಲಿ ಮಗುವೊಂದು ಬಿದ್ದು ಅಳುತ್ತಿದ್ದರೆ ಏನು ಮಾಡುವಿರಿ?’ ಎಂಬ ಪ್ರಶ್ನೆ ಬಂದಿತಂತೆ. ತುರ್ತು ಸೇವೆಯ ಸಂಖ್ಯೆಗೆ ಫೋನ್ ಮಾಡುವೆನೆಂದು ಇವರು ಉತ್ತರಿಸಿದರು. ಮೊದಲು ಮಗುವನ್ನು ಎತ್ತಿಕೊಳ್ಳಬೇಕು ಎಂದು ಸಂದರ್ಶಕರು ತಿದ್ದಿದರು. 2017ರಲ್ಲಿ ಪ್ರಕಟವಾದ ತಮ್ಮ ‘ಹಿಟ್ ರಿಫ್ರೆಶ್’ ಪುಸ್ತಕದಲ್ಲಿ ನಾದೆಲ್ಲಾ ಅವರೇ ಇದನ್ನು ಹೇಳಿಕೊಂಡಿದ್ದಾರೆ.

ಅವರು ಮುಖ್ಯಸ್ಥರಾದುದು 2014ರ ಫೆಬ್ರವರಿಯಲ್ಲಿ, ಕೆಲಸಕ್ಕೆ ಸೇರಿದ 22 ವರ್ಷಗಳ ಬಳಿಕ. ನಡುವೆ ವಾರಾಂತ್ಯಗಳಲ್ಲಿ ಷಿಕಾಗೋಗೆ ಹೋಗಿ ಇನ್ನೊಂದು ಪದವಿಯನ್ನೂ ಕಲಿತರು. ಎಲ್ಲ ಬಲ್ಲವರಾಗುವುದಕ್ಕಿಂತ ಎಲ್ಲವನ್ನೂ ಕಲಿಯುವವರಾಗಬೇಕು ಎಂಬುದು ಅವರು ಕಂಪೆನಿಯಲ್ಲಿ ಹರಡಿದ ಧೋರಣೆ. ಎಲ್ಲರೂ ನಾದೆಲ್ಲಾ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಒಂದು ಪ್ರವೇಶ ಪರೀಕ್ಷೆಯ ಸೋಲು ಜೀವನದ ಸೋಲಲ್ಲವೆಂದು ನಮ್ಮ ಮನೆಗಳಲ್ಲಿ ಹೇಳಲು ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೇ?

ಕನ್ನಡ ಮಾಧ್ಯಮದ ಮಾತು

‘ಕನ್ನಡ ಮಾಧ್ಯಮದಲ್ಲಿ ಕಲಿತವನಿಗೆ ಇದೆಲ್ಲ ಆದೀತೇ?’ ಎಂಬ ಅಳುಕು ಹಲವರಲ್ಲಿದೆ. ಕಂಪ್ಯೂಟರಿನ ಭಾಷೆಗೆ ಇಂಗ್ಲಿಷ್ ಪಾಂಡಿತ್ಯ ಬೇಕಿಲ್ಲ. ಇಂದು ಬಹಳ ಬಳಕೆಯಲ್ಲಿರುವ ಪೈಥಾನ್ ಭಾಷೆಯ ಮೂಲಪದಗಳು ಕೇವಲ 35. ತೊಡಕಿರುವುದು ಮನುಷ್ಯರೊಡನೆ ಆಡುವ ಇಂಗ್ಲಿಷಿನಲ್ಲಿ. ಹತ್ತು ಮಂದಿಯ ಸಭೆಯಲ್ಲಿ ಉತ್ತರ ಗೊತ್ತಿದ್ದೂ, ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿಬಿಡುತ್ತದೆ. ಹೀಗೆ ಆರು ತಿಂಗಳು ಸುಮ್ಮನಿದ್ದವನನ್ನು ‘ಇವನಿಗೆ ಗೊತ್ತಿಲ್ಲ’ ಎಂದು ಇತರರು ತೀರ್ಮಾನಿಸುತ್ತಾರೆ. ತಿಳಿವಿಲ್ಲದೆ ಹಿಂದುಳಿಯುವುದಲ್ಲ, ತಿಳಿದುದನ್ನು ಹೇಳದೆ ಹಿಂದುಳಿಯುವುದು. ನಮ್ಮ ಮಕ್ಕಳ ನಿಜವಾದ ನಷ್ಟ ಇದು.

ಇದಕ್ಕೆ ಮದ್ದು ಇದೆ. ಹೇಳಬೇಕಾದುದನ್ನು ಸಭೆಗೆ ಮೊದಲೇ ಎರಡು ವಾಕ್ಯದಲ್ಲಿ ಬರೆದಿಟ್ಟುಕೊಂಡು ಹೋಗಬೇಕು. ಒಂದು ಸಭೆಯಲ್ಲಿ ಒಂದಾದರೂ ಪ್ರಶ್ನೆ ಕೇಳುವುದೆಂದು ನಿಯಮ ಮಾಡಿಕೊಳ್ಳಬೇಕು. ವ್ಯಾಕರಣ ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ; ಜಪಾನಿನವರೂ ರಷ್ಯದವರೂ ಮುರುಕು ಇಂಗ್ಲಿಷಿನಲ್ಲಿಯೇ ಅಲ್ಲಿ ಕೆಲಸ ನಡೆಸುತ್ತಾರೆ. ಮನೆಯಲ್ಲಿ ತುಳು ಅಥವಾ ಹವ್ಯಕ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಪೇಟೆಯಲ್ಲಿ ಕೊಂಕಣಿ ಬ್ಯಾರಿಗಳನ್ನು ಕಿವಿಗೆ ಹಾಕಿಕೊಂಡು ಬೆಳೆದ ಮಕ್ಕಳು ನಮ್ಮವರು. ಗೋವಿಂದ ಪೈಗಳ ನಾಡಿನವರಿಗೆ ಮತ್ತೊಂದು ಭಾಷೆ ಕಲಿಯುವುದು ಹೊಸ ಸಾಹಸವೇನಲ್ಲ.

ಕಲಿಯುವ ದಾರಿಗಳಿಗೂ ಕೊರತೆಯಿಲ್ಲ. 1993ರಲ್ಲಿ ಆರಂಭವಾದ ಪೊವ್ವಲ್‌ನ ಎಲ್.ಬಿ.ಎಸ್. ಎಂಜಿನಿಯರಿಂಗ್ ಕಾಲೇಜು ನಮ್ಮ ಜಿಲ್ಲೆಯಲ್ಲಿಯೇ ಇದೆ. ಉತ್ತರಕ್ಕೆ ಸುರತ್ಕಲ್‌ನ ಎನ್.ಐ.ಟಿ.ಕೆ. ಇದೆ. ಕರ್ನಾಟಕದ ಸಿ.ಇ.ಟಿ. ನಿಯಮಗಳಲ್ಲಿ ಗಡಿನಾಡ ಕನ್ನಡಿಗ ಅಭ್ಯರ್ಥಿಗಳಿಗೆ ಪ್ರತ್ಯೇಕ ಅವಕಾಶವಿದೆ. ಆಯಾ ವರ್ಷದ ಪುಸ್ತಿಕೆಯಲ್ಲಿನ ಷರತ್ತುಗಳನ್ನೂ ಬೇಕಾದ ದಾಖಲೆಗಳನ್ನೂ ಮುಂಚಿತವಾಗಿ ನೋಡಿಕೊಳ್ಳಬೇಕು. ಐ.ಐ.ಟಿ.ಗಳ ಪ್ರಾಧ್ಯಾಪಕರ ಪಾಠಗಳು ಎನ್.ಪಿ.ಟಿ.ಇ.ಎಲ್. ಮೂಲಕ ಉಚಿತವಾಗಿ ಮನೆಬಾಗಿಲಿಗೆ ಬರುತ್ತವೆ.

ಬುಡ ಗಟ್ಟಿಯಿರಲಿ

ಇಷ್ಟಾಗಿಯೂ ಇದು ಸರಕಾರಿ ಕೆಲಸದಂತೆ ಭದ್ರವಲ್ಲ. 2022ರ ನವೆಂಬರಿನಲ್ಲಿ ಮೆಟಾ ಕಂಪೆನಿ 11,000ಕ್ಕೂ ಹೆಚ್ಚು ಮಂದಿಯನ್ನು ಕೈಬಿಟ್ಟಿತು. 2023ರ ಜನವರಿಯಲ್ಲಿ ಗೂಗಲ್ 12,000, ಮೈಕ್ರೋಸಾಫ್ಟ್ 10,000 ಹುದ್ದೆಗಳನ್ನು ಕಡಿತಗೊಳಿಸುವುದಾಗಿ ಸಾರಿದವು. 2025ರ ಜುಲೈಯಲ್ಲಿ ಟಿ.ಸಿ.ಎಸ್. ಕೂಡ ತನ್ನ ನೌಕರರಲ್ಲಿ ಶೇಕಡಾ 2ರಷ್ಟನ್ನು ಕಡಿಮೆಗೊಳಿಸುವುದಾಗಿ ತಿಳಿಸಿತು. ಇನ್ನೊಂದೆಡೆ ಕೃತಕ ಬುದ್ಧಿಮತ್ತೆಯೇ ಪ್ರೋಗ್ರಾಮ್ ಬರೆಯತೊಡಗಿದೆ. ಗೂಗಲ್‌ನಲ್ಲಿ ಹೊಸದಾಗಿ ಬರೆಯಲಾಗುವ ಕೋಡಿನ ಕಾಲಂಶಕ್ಕಿಂತ ಹೆಚ್ಚನ್ನು ಯಂತ್ರವೇ ಬರೆಯುತ್ತದೆ, ಎಂಜಿನಿಯರರು ಅದನ್ನು ಪರಿಶೀಲಿಸಿ ಒಪ್ಪುತ್ತಾರೆ ಎಂದು ಸುಂದರ್ ಪಿಚೈ 2024ರ ಅಕ್ಟೋಬರಿನಲ್ಲಿ ಹೇಳಿದರು.

‘ಪರಿಶೀಲಿಸಿ ಒಪ್ಪುತ್ತಾರೆ’ ಎಂಬಲ್ಲಿ ನಮ್ಮ ಗಮನವಿರಲಿ. ಹೇಳಿದ್ದನ್ನಷ್ಟೇ ಬರೆಯುವವನ ಕೆಲಸಕ್ಕೆ ಕುತ್ತು ಬರಬಹುದು. ಬರೆದುದು ಸರಿಯೇ ಎಂದು ನೋಡಬಲ್ಲವನಿಗೆ, ಸಮಸ್ಯೆ ಏನೆಂದು ಬಿಡಿಸಿ ಹೇಳಬಲ್ಲವನಿಗೆ ಬೇಡಿಕೆ ಉಳಿಯುತ್ತದೆ. ಆದುದರಿಂದ ಗಣಿತ, ತರ್ಕ, ಕಂಪ್ಯೂಟರಿನ ಮೂಲತತ್ವಗಳು ಗಟ್ಟಿಯಿರಬೇಕು. ಕಂಗಿನ ಬುಡ ಗಟ್ಟಿಯಿದ್ದರೆ ಗಾಳಿಗೆ ತಲೆ ತೂಗಿದರೂ ಮರ ಬೀಳುವುದಿಲ್ಲವಷ್ಟೆ. ಅಂತೆಯೇ ಆರು ತಿಂಗಳ ಮನೆಖರ್ಚಿಗೆ ಸಾಲುವಷ್ಟು ಉಳಿತಾಯ ಬ್ಯಾಂಕಿನಲ್ಲಿರುವುದು ಈ ವೃತ್ತಿಯವರಿಗೆ ಅತ್ಯಗತ್ಯ.

ಹೆತ್ತವರಲ್ಲಿ ವಿನಂತಿ

ಕೊನೆಯದಾಗಿ ಹೆತ್ತವರಿಗೆ ಎರಡು ಮಾತು. ಮಗನ ಸಂಬಳವನ್ನು ನೆರೆಮನೆಯವನ ಸಂಬಳದೊಡನೆ ತೂಗಿ ನೋಡಬೇಡಿ. ಕಂಪೆನಿ, ಮೆಟ್ಟಿಲು, ಶೇರು ಇವೆಲ್ಲ ಒಬ್ಬೊಬ್ಬರದು ಒಂದೊಂದು ಬಗೆ. ಮಗಳ ವಿಷಯದಲ್ಲಂತೂ ಇನ್ನಷ್ಟು ವಿವೇಕ ಬೇಕು. ಕಲಿತು, ತಿದ್ದಿಸಿಕೊಂಡು, ಮುಂದಿನ ಮೆಟ್ಟಿಲಿಗೆ ಕಾಲಿಡುವ ಮೂರನೆಯ ನಾಲ್ಕನೆಯ ವರ್ಷದಲ್ಲಿಯೇ ‘ಇನ್ನು ಸಾಕು, ಮದುವೆ ನಿಶ್ಚಯವಾಗಿದೆ, ಕೆಲಸ ಬಿಡು’ ಎಂದರೆ ಅವಳ ಅಷ್ಟೂ ವರ್ಷಗಳ ದುಡಿಮೆ ನೀರುಪಾಲಾಗುತ್ತದೆ. ಮದುವೆ ಬೇಡವೆಂದಲ್ಲ, ಕೆಲಸ ಬಿಡಿಸುವ ಮಾತು ಬೇಡ.

ಈ ದೀಪಾವಳಿಗೆ ಮಕ್ಕಳು ಮನೆಗೆ ಬಂದಾಗ ‘ಸಂಬಳ ಎಷ್ಟಾಯಿತು?’ ಎಂಬುದನ್ನು ಸ್ವಲ್ಪ ಬದಿಗಿಡೋಣ. ‘ನೀನು ಮಾಡುವ ಕೆಲಸ ಎಂತದು ಮಗಾ, ನನಗೆ ತಿಳಿಯುವ ಹಾಗೆ ಹೇಳು’ ಎಂದು ಜಗಲಿಯಲ್ಲಿ ಕೂರಿಸಿ ಕೇಳೋಣ. ಕಠಿಣವಾದುದನ್ನು ತಿಳಿಯದವರಿಗೂ ತಿಳಿಯುವಂತೆ ಹೇಳುವುದೇ ಅವರ ವೃತ್ತಿಯ ಮುಂದಿನ ಮೆಟ್ಟಿಲು. ಅದರ ಅಭ್ಯಾಸ ನಮ್ಮ ಜಗಲಿಯಿಂದಲೇ, ನಮ್ಮ ಭಾಷೆಯಲ್ಲಿಯೇ ಆರಂಭವಾಗಲಿ.